ಒಪ್ಪಿದರೂ ಸಲ್ಲದ ಕೂಲಿ

ಮೈಸೂರಿನಿಂದ ನಂಜನಗೂಡು ದಾಟಿ ದಕ್ಷಿಣಕ್ಕೆ ಸಾಗುವ ಹೆದ್ದಾರಿ ಗುಂಡ್ಲುಪೇಟೆಯ ಬಳಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡು ಹಾಯ್ದು ಊಟಿಯ ಕಡೆಗೆ, ಇನ್ನೊಂದು ಮೂಲೆಹೊಳೆ ಮಾರ್ಗವಾಗಿ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಮಳೆಗಾಲದಲ್ಲಿ ಈ ರಸ್ತೆಯ ಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಮುಂದೆ ಪ್ರವಾಸಿಗರು ಕಾರು ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಹೊಲಗಳಲ್ಲಿ ಬಗ್ಗಿ ಹೂ ಬಿಡಿಸುವವರಿಗೆ ಈ ರಸ್ತೆಗಳ ಅರ್ಥವೇ ಬೇರೆ. ಶುಂಠಿ ಕೀಳಲು, ಕಾಫಿ ಕುಯ್ಯಲು, ಮೆಣಸು ಬಿಡಿಸಲು ವಯನಾಡಿಗೂ ಕೊಡಗಿಗೂ ಇಲ್ಲಿನ ಕೂಲಿಕಾರರು ಹೋಗಿ ಬರುವುದು ಇಂದು ನಿನ್ನೆಯ ರೂಢಿಯಲ್ಲ.

ಹೋಗುವುದಕ್ಕೆ ಕಾರಣ ತಿಳಿಯಲು ದೊಡ್ಡ ಸಂಶೋಧನೆಯೇನೂ ಬೇಕಿಲ್ಲ. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಂಕಿಅಂಶದ ಪ್ರಕಾರ 2022-23ರಲ್ಲಿ ಕೇರಳದ ಹಳ್ಳಿಗಳಲ್ಲಿ ಗಂಡಾಳಿನ ಸರಾಸರಿ ಕೃಷಿ ಕೂಲಿ ದಿನಕ್ಕೆ ರೂ. 764ರಷ್ಟಿತ್ತು. ಅದೇ ವರ್ಷ ಅಖಿಲ ಭಾರತ ಸರಾಸರಿ ರೂ. 346ರ ಆಸುಪಾಸಿನಲ್ಲಿತ್ತು. ಗಡಿಯ ಈಚೆ 'ಆಳು ಸಿಗುವುದಿಲ್ಲ' ಎಂಬ ದೂರು ಕೇಳುವುದಕ್ಕೂ, ಅದೇ ಆಳು ಗಡಿಯ ಆಚೆ ಸಿಗುವುದಕ್ಕೂ ಈ ಅಂಕಿಗಳೇ ಸಾಕಷ್ಟು ವಿವರಣೆ.

ಹಾಗಾದರೆ ಕೂಲಿಯನ್ನು ನಿರ್ಧರಿಸುವವರು ಯಾರು? ಊರಿನ ರೂಢಿ, ಬೆಳೆಯ ಬೆಲೆ, ಕೂಲಿಯವನ ಗರಜು, ಮಾಲೀಕನ ಅವಸರ, ಇವೆಲ್ಲ ಸೇರಿ ಒಂದು ದರ ಕುದುರುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ತಪ್ಪೂ ಅಲ್ಲ. ಆದರೆ 1948ರಿಂದೀಚೆಗೆ ಈ ದೇಶದ ಕಾನೂನು ಇದರ ಮಧ್ಯೆ ಬಂದು ನಿಂತಿದೆ. ಸರ್ಕಾರ ಗೊತ್ತುಪಡಿಸಿದ ದರಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವಂತಿಲ್ಲ. ಕೂಲಿಯವನೇ ಒಪ್ಪಿ, ರುಜು ಹಾಕಿ, ಸಾಕ್ಷಿ ಸಮೇತ ಬರೆದುಕೊಟ್ಟರೂ ಆ ಒಪ್ಪಂದ ಊರ್ಜಿತವಲ್ಲ. ಕನಿಷ್ಠ ವೇತನ ಕಾಯ್ದೆಯ 25ನೇ ಕಲಮು ಹೇಳಿದ್ದು ಇದನ್ನೇ. ಆ ಕಾಯ್ದೆಯ ಸ್ಥಾನಕ್ಕೆ ಬಂದಿರುವ ವೇತನ ಸಂಹಿತೆಯಲ್ಲಿಯೂ ಇದೇ ಮಾತು 60ನೇ ಕಲಮಾಗಿ ಉಳಿದಿದೆ. ಇಬ್ಬರು ವಯಸ್ಕರು ಪರಸ್ಪರ ಒಪ್ಪಿ ಮಾಡಿಕೊಂಡ ವ್ಯವಹಾರವನ್ನು ಮೂರನೆಯವನು ಬಂದು ಸಲ್ಲದೆನ್ನುವುದು ಮೇಲುನೋಟಕ್ಕೆ ಅತಿರೇಕವೆನಿಸೀತು. ಅದು ಏಕೆ ಬೇಕಾಯಿತು ಎಂದು ತಿಳಿಯಲು ಇದೇ ತೋಟಗಳ ದಾರಿಯಲ್ಲಿ ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕು.

ಮುಂಗಡ ಮತ್ತು ಸೆರೆಮನೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕೊಡಗು, ವಯನಾಡು, ನೀಲಗಿರಿಗಳಲ್ಲಿ ಕಾಫಿ ತೋಟಗಳು ಎದ್ದವು. ಶತಮಾನದ ಕೊನೆಗೆ ಈಗಿನ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೂ ಕಾಫಿ ಬಂತು. ಬೆಟ್ಟದ ಮೇಲೆ ಜಮೀನಿತ್ತು, ಮಳೆಯಿತ್ತು, ಬಂಡವಾಳವಿತ್ತು. ಆಳು ಮಾತ್ರ ಬಯಲುಸೀಮೆಯಿಂದ ಬರಬೇಕಿತ್ತು. ಅವರನ್ನು ತರುವ ಕೆಲಸ ಮೇಸ್ತ್ರಿಯದು. ಮೇಸ್ತ್ರಿ ದೊರೆಯಿಂದ ಹಣ ಪಡೆದು, ಹಳ್ಳಿಯಲ್ಲಿ ಮುಂಗಡ ಹಂಚಿ, ಜನರನ್ನು ಕೂಡಿಸಿ ಬೆಟ್ಟ ಹತ್ತಿಸುತ್ತಿದ್ದ. ಮುಂಗಡ ತೀರುವ ತನಕ ಕೂಲಿಯವನು ತೋಟ ಬಿಡುವಂತಿರಲಿಲ್ಲ.

ಬಿಟ್ಟರೆ ಏನು? ಅದಕ್ಕೆ 1859ರ 13ನೇ ಕಾಯ್ದೆ ಇತ್ತು. ಕೆಲಸಗಾರರ ಕರಾರು ಉಲ್ಲಂಘನೆ ಕಾಯ್ದೆ ಎಂದು ಇದನ್ನು ಕರೆಯಬಹುದು. ಮುಂಗಡ ಪಡೆದ ಕೂಲಿಯವನು ಕೆಲಸಕ್ಕೆ ಬಾರದಿದ್ದರೆ ಅಥವಾ ಮಧ್ಯದಲ್ಲಿ ಬಿಟ್ಟುಹೋದರೆ, ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂದು ಮ್ಯಾಜಿಸ್ಟ್ರೇಟರು ಆದೇಶಿಸುತ್ತಿದ್ದರು. ಅದಕ್ಕೂ ತಪ್ಪಿದರೆ ಮೂರು ತಿಂಗಳ ತನಕ ಕಠಿಣ ಸಜೆ. ಗಮನಿಸಬೇಕಾದ ಸಂಗತಿ ಎಂದರೆ, ಸಾಲ ತೀರಿಸದಿರುವುದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ. ಬಡವನ ಮುಂಗಡದ ವಿಷಯಕ್ಕೆ ಬಂದಾಗ ಅದೇ ಅಪರಾಧವಾಗುತ್ತಿತ್ತು. ಕೂಲಿಯನ್ನು ಸರಿಯಾಗಿ ಕೊಡದ ಮಾಲೀಕನಿಗೆ ಆ ಕಾಯ್ದೆಯಲ್ಲಿ ಯಾವ ಸಜೆಯೂ ಇರಲಿಲ್ಲ.

ಈ ಕಾಯ್ದೆ 1926ರ ಏಪ್ರಿಲ್ 1ರಂದು ರದ್ದಾಯಿತು. ಕೊಡಗಿನ ತೋಟಗಾರರು ಅಲ್ಲಿಗೂ ಬಿಡಲಿಲ್ಲ. ಅದೇ ಬಗೆಯ ಕೊಡಗು ಕಾರ್ಮಿಕ ಕಾಯ್ದೆಯೊಂದನ್ನು 1926ರಲ್ಲಿ ಮಾಡಿಸಿಕೊಂಡು ಇನ್ನೈದು ವರ್ಷ ತಳ್ಳಿದರು. ಆಗಿನ ಕಾನೂನಿಗೆ ಕರಾರು ಎಂಬುದು ಪವಿತ್ರ. ಕರಾರಿಗೆ ಒಪ್ಪುವಾಗ ಒಬ್ಬನ ಮನೆಯಲ್ಲಿ ರಾಗಿ ಇತ್ತೇ ಇರಲಿಲ್ಲವೇ ಎಂಬುದು ಅದಕ್ಕೆ ಸಂಬಂಧಿಸಿದ ವಿಷಯವಾಗಿರಲಿಲ್ಲ.

ಬೆಟ್ಟದ ಮೇಲೆ ಇದು ನಡೆದಿದ್ದಾಗ ಬಯಲಿನ ಹಳ್ಳಿಗಳಲ್ಲಿ ಜೀತವಿತ್ತು. ಮದುವೆಗೋ ಕಾಯಿಲೆಗೋ ತಂದ ಸಾಲಕ್ಕೆ ಮಗನನ್ನು ಒಡೆಯನ ಮನೆಗೆ ಬಿಡುವುದು, ವರ್ಷಕ್ಕಿಷ್ಟು ರಾಗಿ, ಒಂದು ಕಂಬಳಿ, ಹೊತ್ತಿಗೆ ಹಿಟ್ಟು. ಅಲ್ಲಿ ಪೊಲೀಸರ ಅಗತ್ಯವೇ ಇರಲಿಲ್ಲ; ಜಾತಿ ಮತ್ತು ಸಾಲ ಎರಡೂ ಸೇರಿ ಕಾವಲು ಕಾಯುತ್ತಿದ್ದವು. ಹಳೆ ಮೈಸೂರು ಸೀಮೆಯಲ್ಲಿ ಜೀತಕ್ಕೆ ಬಿದ್ದವರಲ್ಲಿ ಬಹುಪಾಲು ದಲಿತರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪರದೇಶದಲ್ಲಿ ಹುಟ್ಟಿದ ವಿಚಾರ

ಕೂಲಿಗೆ ಸರ್ಕಾರವೇ ತಳಮಟ್ಟ ಗೊತ್ತುಪಡಿಸಬೇಕು ಎಂಬ ವಿಚಾರ ಮೊದಲು ಕಾನೂನಾಗಿ ಬಂದದ್ದು ನ್ಯೂಜಿಲೆಂಡ್‌ನಲ್ಲಿ, 1894ರಲ್ಲಿ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯ 1896ರಲ್ಲಿ ಅದನ್ನು ಅನುಸರಿಸಿತು. ಇಂಗ್ಲೆಂಡ್ 1909ರಲ್ಲಿ ವೇತನ ಮಂಡಳಿಗಳನ್ನು ರಚಿಸಿತು. ಸಂಘ ಕಟ್ಟುವ ಶಕ್ತಿಯಿಲ್ಲದೆ ಮನೆಯ ಹಿತ್ತಿಲಲ್ಲೇ ಕಬ್ಬಿಣದ ಸರಪಳಿ ಬಡಿಯುತ್ತಿದ್ದ ಹೆಂಗಸರು ಅದರ ಮೊದಲ ಫಲಾನುಭವಿಗಳಲ್ಲಿ ಸೇರಿದ್ದರು. ಆ ಮೊದಲ ದರವನ್ನು ಪಡೆಯಲು ಅವರು 1910ರಲ್ಲಿ ಮುಷ್ಕರವನ್ನೇ ಹೂಡಬೇಕಾಯಿತು ಎಂಬುದು ಬೇರೆ ಮಾತು. 1928ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ಕುರಿತ ಒಡಂಬಡಿಕೆಯನ್ನು ಅಂಗೀಕರಿಸಿತು.

ಭಾರತದಲ್ಲಿ ಮಸೂದೆ ಮಂಡನೆಯಾದದ್ದು 1946ರ ಏಪ್ರಿಲ್‌ನಲ್ಲಿ. ಮಂಡಿಸಿದವರು ವೈಸ್‌ರಾಯ್ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಬಿ. ಆರ್. ಅಂಬೇಡ್ಕರ್. ಸಂವಿಧಾನ ಶಿಲ್ಪಿಯೆಂಬ ಹೆಸರಿನ ನೆರಳಲ್ಲಿ ಅವರ ಈ ಕೆಲಸ ಅಷ್ಟಾಗಿ ನೆನಪಾಗುವುದಿಲ್ಲ. ಮಸೂದೆ ಕಾಯ್ದೆಯಾಗುವ ಹೊತ್ತಿಗೆ ದೇಶ ಸ್ವತಂತ್ರವಾಗಿತ್ತು, ಜಗಜೀವನ್ ರಾಂ ಕಾರ್ಮಿಕ ಸಚಿವರಾಗಿದ್ದರು. 1948ರ ಮಾರ್ಚ್ 15ರಂದು ಕಾಯ್ದೆ ಜಾರಿಗೆ ಬಂತು.

ಇಲ್ಲೊಂದು ಸ್ಥಳೀಯ ವಿಚಿತ್ರವಿದೆ. ಇಂದು ಒಂದೇ ಜಿಲ್ಲೆಯಲ್ಲಿರುವ ಚಾಮರಾಜನಗರ, ಗುಂಡ್ಲುಪೇಟೆ ಮತ್ತು ಕೊಳ್ಳೇಗಾಲ ಅಂದು ಎರಡು ರಾಜ್ಯಗಳಲ್ಲಿದ್ದವು. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮಿಕ್ಕೆರಡೂ ಮೈಸೂರು ಅರಸರ ಸಂಸ್ಥಾನಕ್ಕೆ ಸೇರಿದ್ದವು. ಹಾಗಾಗಿ ಕೊಳ್ಳೇಗಾಲದ ಗಿರಣಿಯ ಆಳಿಗೆ 1948ರಲ್ಲೇ ಅನ್ವಯವಾದ ಕಾಯ್ದೆ, ಕೂಗಳತೆಯ ದೂರದ ಸಂಸ್ಥಾನದ ಆಳಿಗೆ ಅನ್ವಯವಾಗಲು ಗಣರಾಜ್ಯ ಬರುವ ತನಕ ಕಾಯಬೇಕಾಯಿತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ.

ಕಾಯ್ದೆ ಎಲ್ಲ ಕೆಲಸಗಳಿಗೂ ಅನ್ವಯವಾಗುತ್ತಿರಲಿಲ್ಲ. ಅದಕ್ಕೊಂದು ಅನುಸೂಚಿ ಇತ್ತು. ಅಕ್ಕಿ, ಹಿಟ್ಟು, ಬೇಳೆ ಗಿರಣಿ, ಎಣ್ಣೆ ಗಿರಣಿ, ಹೊಗೆಸೊಪ್ಪು ಮತ್ತು ಬೀಡಿ, ಕಾಫಿ-ಟೀ ತೋಟ, ರಸ್ತೆ ಮತ್ತು ಕಟ್ಟಡ ಕಾಮಗಾರಿ, ಕಲ್ಲು ಒಡೆಯುವುದು, ಚರ್ಮ ಹದಮಾಡುವುದು ಮುಂತಾದವು ಮೊದಲ ಭಾಗದಲ್ಲಿದ್ದವು. ಎಲ್ಲವೂ ಸಂಘ ಕಟ್ಟುವ ತ್ರಾಣವಿಲ್ಲದವರ ಕೆಲಸಗಳೇ. ಎರಡನೆಯ ಭಾಗದಲ್ಲಿ ಇದ್ದದ್ದು ಒಂದೇ, ವ್ಯವಸಾಯ. ದೇಶದ ಅತಿ ಹೆಚ್ಚು ಜನ ದುಡಿಯುತ್ತಿದ್ದ ಈ ಒಂದು ಬಾಬಿಗೆ ದರ ಗೊತ್ತುಪಡಿಸುವ ಗಡುವು ಮಾತ್ರ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಜಮೀನುದಾರರೇ ತುಂಬಿದ್ದ ಶಾಸನಸಭೆಗಳಿಂದ ಬೇರೇನನ್ನು ನಿರೀಕ್ಷಿಸಲು ಸಾಧ್ಯವಿತ್ತು? ಅನುಸೂಚಿಗೆ ಹೊಸ ಉದ್ಯೋಗಗಳನ್ನು ಸೇರಿಸುವ ಅಧಿಕಾರ ರಾಜ್ಯಗಳಿಗಿತ್ತು. ಕರ್ನಾಟಕ ಆ ಅಧಿಕಾರವನ್ನು ಸಾಕಷ್ಟು ಬಳಸಿತು. 2004ರಲ್ಲಿ ಮನೆಗೆಲಸಕ್ಕೂ ಕನಿಷ್ಠ ಕೂಲಿ ಗೊತ್ತುಮಾಡಿತು.

ಕಾರ್ಮಿಕರೇ ಒಪ್ಪಿದಾಗ

ಕಾಯ್ದೆಯ ನಿಜವಾದ ಪರೀಕ್ಷೆ ನಡೆದದ್ದು ರಾಜಸ್ತಾನದ ಅಜ್ಮೇರಿನಲ್ಲಿ. ಅಲ್ಲಿನ ಬಿಜಯ್ ಕಾಟನ್ ಮಿಲ್ಸ್ ಎಂಬ ನೂಲಿನ ಗಿರಣಿ, ಸರ್ಕಾರ ಗೊತ್ತುಪಡಿಸಿದ ಸಂಬಳ ಕೊಟ್ಟರೆ ತನಗೆ ನಷ್ಟವೆಂದು ಬಾಗಿಲು ಮುಚ್ಚಿತು. ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಬಹುಪಾಲು ಮಂದಿ, ತಿಂಗಳಿಗೆ 35 ರೂಪಾಯಿಯಾದರೂ ಸಾಕು, ಗಿರಣಿ ತೆರೆಯಿರಿ ಎಂದು ಮುಂದೆ ಬಂದರು. ಅದು ನಿಗದಿತ ದರಕ್ಕಿಂತ ಕಡಿಮೆ. ಮಾಲೀಕ ಸಿದ್ಧ, ಕಾರ್ಮಿಕ ಸಿದ್ಧ, ಕಾನೂನು ಮಾತ್ರ ಅಡ್ಡ. ಇದು ವ್ಯಾಪಾರ ಸ್ವಾತಂತ್ರ್ಯದ ಮೇಲಿನ ಅನುಚಿತ ನಿರ್ಬಂಧ ಎಂದು ಗಿರಣಿ ಸುಪ್ರೀಂ ಕೋರ್ಟಿಗೆ ಹೋಯಿತು.

1954ರ ಅಕ್ಟೋಬರ್‌ನಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಕಾರ್ಮಿಕರನ್ನು ಶೋಷಣೆಯಿಂದ ಕಾಪಾಡಬೇಕಾದರೆ ಅವರ ಕರಾರು ಸ್ವಾತಂತ್ರ್ಯಕ್ಕೂ ಮಿತಿ ಹಾಕಲೇಬೇಕು, ಕೆಲವು ಮಾಲೀಕರಿಗೆ ಕಷ್ಟವಾಗುತ್ತದೆಂಬ ಕಾರಣಕ್ಕೆ ಕಾಯ್ದೆ ಬಿದ್ದುಹೋಗುವುದಿಲ್ಲ ಎಂಬುದು ಅದರ ಸಾರಾಂಶ. ಮುಂದೆ ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ವೇತನ ಕೊಡಲಾಗದ ಉದ್ದಿಮೆಗೆ ಬದುಕಿರುವ ಹಕ್ಕೇ ಇಲ್ಲ ಎಂಬರ್ಥದ ಮಾತಾಡಿತು. ತರ್ಕ ಸರಳ. ಒಬ್ಬ ಹಸಿದು ಕಡಿಮೆಗೆ ಒಪ್ಪಿದರೆ ನಷ್ಟ ಅವನೊಬ್ಬನದೇ ಅಲ್ಲ. ಮಾರನೆಯ ದಿನ ಪಕ್ಕದವನಿಗೂ ಅದೇ ದರ.

ಈ ತರ್ಕ ಗಿರಣಿಗೆ ಹೊಂದಿಕೊಂಡಷ್ಟು ಸಲೀಸಾಗಿ ಗುಂಡ್ಲುಪೇಟೆಯ ಹೊಲಕ್ಕೆ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿ ಮಾಲೀಕನೆಂದರೆ ಹಲವು ಬಾರಿ ಎರಡೆಕರೆಯ ರೈತ. ಈ ವಾರ ತನ್ನ ಈರುಳ್ಳಿ ಕೀಳಲು ನಾಲ್ಕು ಆಳು ಕರೆದವನು ಮುಂದಿನ ವಾರ ಇನ್ನೊಬ್ಬರ ಹೊಲಕ್ಕೆ ತಾನೇ ಆಳಾಗಿ ಹೋಗುತ್ತಾನೆ. ಟೊಮೆಟೊ ಬೆಲೆ ಬಿದ್ದ ದಿನ ಕೂಲಿಗೆ ಎಲ್ಲಿಂದ ತರಲಿ ಎಂಬ ಅವನ ಪ್ರಶ್ನೆ ನೆಪವಲ್ಲ. ಕಾನೂನು ಕೂಲಿಗೆ ತಳಮಟ್ಟ ಹಾಕಿತು, ಅವನ ಬೆಳೆಗೆ ಅಂಥದ್ದೊಂದನ್ನು ಹಾಕಲಿಲ್ಲ. ರೈತ ಚಳವಳಿಯವರು ಇದನ್ನು ಎತ್ತಿ ಆಡುವುದರಲ್ಲಿ ನ್ಯಾಯವಿದೆ. ಆದರೆ ಬೆಳೆಗೆ ಬೆಲೆಯಿಲ್ಲದ ನಷ್ಟವನ್ನು ರೈತನಿಗಿಂತ ಬಡವರಾದ ಕೂಲಿಯವರು ಏಕೆ ಹೊರಬೇಕು ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಅಂದಹಾಗೆ, ಹಳ್ಳಿಗಳಲ್ಲಿ ಉಳಿದಿರುವ ಮುಯ್ಯಾಳು ಪದ್ಧತಿ, ಅಂದರೆ ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು ಎಂಬ ಲೆಕ್ಕ, ಇದಾವುದರ ಗೊಡವೆಗೂ ಬರುವುದಿಲ್ಲ. ಅಲ್ಲಿ ಮಾಲೀಕನೂ ಇಲ್ಲ, ಕೂಲಿಯೂ ಇಲ್ಲ.

ಕೂನೂರಿನ ಲೆಕ್ಕ

ತಳಮಟ್ಟ ಎಂದರೆ ಎಷ್ಟು? ಕಾಯ್ದೆ ಅದನ್ನು ಹೇಳಿರಲಿಲ್ಲ. 1957ರಲ್ಲಿ ಸೇರಿದ ಭಾರತೀಯ ಕಾರ್ಮಿಕ ಸಮ್ಮೇಳನದ ಹದಿನೈದನೇ ಅಧಿವೇಶನ ಒಂದು ಅಳತೆಗೋಲು ಕೊಟ್ಟಿತು. ದುಡಿಯುವವನು ಒಂದು ಪಾಲು, ಹೆಂಡತಿ 0.8 ಪಾಲು, ಇಬ್ಬರು ಮಕ್ಕಳು ತಲಾ 0.6, ಒಟ್ಟು ಮೂರು ಪಾಲು. ಒಂದು ಪಾಲಿಗೆ ದಿನಕ್ಕೆ 2700 ಕ್ಯಾಲೊರಿ ಆಹಾರ. ತಲೆಗೆ ವರ್ಷಕ್ಕೆ 18 ಗಜದಂತೆ ನಾಲ್ವರಿಗೆ 72 ಗಜ ಬಟ್ಟೆ. ಅದರ ಮೇಲೆ ಮನೆ ಬಾಡಿಗೆ, ಸೌದೆ, ದೀಪ ಇತ್ಯಾದಿ.

2700 ಎಂಬ ಸಂಖ್ಯೆ ಬಂದದ್ದು ಡಾ. ಡಬ್ಲ್ಯು. ಆರ್. ಐಕ್ರಾಯ್ಡ್ ಅವರ ಶಿಫಾರಸಿನಿಂದ. ಅವರು 1935ರಿಂದ 1945ರ ತನಕ ಕೂನೂರಿನ ಪೌಷ್ಟಿಕತೆ ಸಂಶೋಧನಾಲಯದ ನಿರ್ದೇಶಕರಾಗಿದ್ದವರು. ಗುಂಡ್ಲುಪೇಟೆಯಿಂದ ಕವಲೊಡೆಯುವ ಊಟಿ ರಸ್ತೆಯಲ್ಲೇ ಮುಂದುವರಿದರೆ, ಘಾಟಿ ಹತ್ತಿದ ಮೇಲೆ ಸಿಗುವ ಊರೇ ಕೂನೂರು. ದೇಶದ ಕೂಲಿಕಾರನ ತಟ್ಟೆಗೆ ಎಷ್ಟು ಬೀಳಬೇಕೆಂಬ ಲೆಕ್ಕದ ಬೇರು, ತೋಟದ ಕೂಲಿಗಳು ಹತ್ತಿಳಿದ ಇದೇ ಬೆಟ್ಟದಲ್ಲಿ ಇದೆ ಎಂಬುದು ಕುತೂಹಲದ ಸಂಗತಿ.

ಹೆಂಡತಿಗೆ 0.8 ಎಂದ ಲೆಕ್ಕದಲ್ಲಿ ಅವಳು ಉಣ್ಣುವವಳು ಮಾತ್ರ, ದುಡಿಯುವವಳಲ್ಲ. ನಾಟಿ, ಕಳೆ, ಕೊಯ್ಲು ಮೂರರಲ್ಲೂ ಹೆಂಗಸರೇ ಹೆಚ್ಚಾಗಿರುವ ಸೀಮೆಯಲ್ಲಿ ಇದನ್ನು ಓದಿದರೆ ನಗು ಬಂದೀತು. 1991ರಲ್ಲಿ ಸುಪ್ರೀಂ ಕೋರ್ಟು ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಮಕ್ಕಳ ವಿದ್ಯಾಭ್ಯಾಸ, ಔಷಧಿ, ಹಬ್ಬ-ಮದುವೆ, ಮುಪ್ಪಿನ ಕಾಲಕ್ಕೆಂದು ಇನ್ನೂ ಶೇ. 25 ಸೇರಿಸಬೇಕೆಂದಿತು. 72 ಗಜ ಬಟ್ಟೆ ಈಚಿನ ಕರಡು ನಿಯಮಗಳಲ್ಲಿ 66 ಮೀಟರ್ ಆಗಿದೆ. ಅಳತೆಯ ಹೆಸರು ಬದಲಾಯಿತು, ಬಟ್ಟೆ ಅಷ್ಟೇ.

ಯಾರಿಗೆ, ಎಷ್ಟು, ಹೇಗೆ

ದರ ಗೊತ್ತುಪಡಿಸುವವರು ಯಾರು ಎಂಬುದರಲ್ಲೂ ತೊಡಕಿದೆ. ಚಾಮರಾಜನಗರದ ಕರಿಕಲ್ಲು ಹೆಸರುವಾಸಿ. ಹೊರದೇಶಗಳಿಗೆ ರಫ್ತಾಗುವ ಈ ಕಲ್ಲನ್ನು ನೆಲದಿಂದ ಎಬ್ಬಿಸುವ ಕ್ವಾರಿ ಕಾನೂನಿನ ಕಣ್ಣಲ್ಲಿ ಗಣಿ. ಗಣಿ ಕಾರ್ಮಿಕರ ಕನಿಷ್ಠ ವೇತನ ಗೊತ್ತುಮಾಡುವುದು ಕೇಂದ್ರ ಸರ್ಕಾರ. ಅದೇ ಕಲ್ಲು ಲಾರಿ ಏರಿ ಪಾಲಿಷ್ ಕಾರ್ಖಾನೆಗೆ ಬಂದರೆ, ಅಲ್ಲಿ ಕೊಯ್ದು ಹೊಳಪು ಕೊಡುವವರ ದರ ರಾಜ್ಯ ಸರ್ಕಾರದ್ದು. ಕಲ್ಲು ಒಂದೇ, ಸರ್ಕಾರ ಎರಡು. ಕ್ವಾರಿಯವನು ದೂರು ಹಿಡಿದು ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ಬಂದರೆ, ಅವನ ದಾರಿ ಕೇಂದ್ರದ ಅಧಿಕಾರಿಗಳತ್ತ ತಿರುಗುತ್ತದೆ. ಕನ್ನಡವೇ ಬಾರದ ಕಾರ್ಮಿಕನಿಗೆ ಇದೆಲ್ಲ ತಿಳಿಯುವುದು ಹೇಗೆ? 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ಸಮೀಪದ ಮಡಹಳ್ಳಿಯ ಕಲ್ಲು ಗಣಿಯಲ್ಲಿ ಗುಡ್ಡ ಕುಸಿದಾಗ ಪ್ರಾಣ ತೆತ್ತವರು ಉತ್ತರ ಭಾರತದಿಂದ ಬಂದಿದ್ದ ಕಾರ್ಮಿಕರು. ಇಲ್ಲಿನವರು ಕೂಲಿಗೆ ಕೇರಳಕ್ಕೆ ಹೋಗುತ್ತಾರೆ, ಅಲ್ಲಿನವರು ಕೂಲಿಗೆ ಇಲ್ಲಿಗೆ ಬರುತ್ತಾರೆ. ಎಲ್ಲಿಂದ ಬಂದವರಾದರೂ ಅವರಿಗೆ ಸಲ್ಲಬೇಕಾದದ್ದು ಕೆಲಸ ಮಾಡಿದ ಜಾಗದ ದರ; ಹುಟ್ಟಿದ ಊರಿನ ದರವಲ್ಲ.

ರಾಜ್ಯದ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಊರುಗಳನ್ನು ವಲಯಗಳಾಗಿ ವಿಂಗಡಿಸಲಾಗುತ್ತದೆ. ಬೆಂಗಳೂರು ಮೇಲಿನ ವಲಯ, ಜಿಲ್ಲಾ ಕೇಂದ್ರಗಳು ಅದರ ಕೆಳಗೆ, ಸಣ್ಣ ಊರುಗಳು ಇನ್ನೂ ಕೆಳಗೆ. ಇಂತಹ ವಿಂಗಡಣೆಯಲ್ಲಿ ಚಾಮರಾಜನಗರ ಒಂದು ವಲಯಕ್ಕೂ ಗುಂಡ್ಲುಪೇಟೆ ಇನ್ನೊಂದು ವಲಯಕ್ಕೂ ಬೀಳುವುದುಂಟು. ಎರಡೂ ಊರುಗಳ ನಡುವೆ ತೆರಕಣಾಂಬಿ ಮಾರ್ಗವಾಗಿ ಸುಮಾರು 35 ಕಿಲೋಮೀಟರ್. ಅಷ್ಟರಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಇಳಿದುಬಿಡುತ್ತದೆಯೇ ಎಂದು ಯಾರಾದರೂ ಕೇಳಿದರೆ ತಪ್ಪೆನ್ನಲಾಗದು. ಮೂಲ ದರದ ಮೇಲೆ, ಬೆಲೆ ಸೂಚ್ಯಂಕಕ್ಕೆ ಹೊಂದಿಕೊಂಡು ಏರುವ ತುಟ್ಟಿಭತ್ಯೆಯೂ ಸೇರುತ್ತದೆ. ಎರಡನ್ನೂ ಕೂಡಿಸಿದ್ದೇ ಕೊಡಬೇಕಾದ ಕನಿಷ್ಠ. ಮೂಲ ದರವೊಂದನ್ನೇ ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ.

ದಿನಗೂಲಿಯಲ್ಲದೆ ಲೆಕ್ಕದ ಮೇಲೆ ಕೊಡುವ ಕೂಲಿಯೂ ಇದೆ. ಚೆಂಡುಹೂ ಬಿಡಿಸುವುದಕ್ಕೆ ಕೆ.ಜಿ.ಗೆ ಇಷ್ಟು, ರೇಷ್ಮೆ ನೂಲು ಬಿಚ್ಚಣಿಕೆಯಲ್ಲಿ ತೆಗೆದ ನೂಲಿಗೆ ಇಷ್ಟು ಎಂದು ಗೊತ್ತುಮಾಡುವುದು ತಪ್ಪಲ್ಲ. ಆದರೆ ದಿನಕ್ಕಿಷ್ಟು ಎಂದು ಕನಿಷ್ಠ ನಿಗದಿಯಾಗಿರುವ ಕೆಲಸದಲ್ಲಿ, ಲೆಕ್ಕದ ಕೂಲಿಯ ಹೆಸರಿನಲ್ಲಿ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಗಂಡಾಳು, ಹೆಣ್ಣಾಳು ಎಂಬ ಎರಡು ದರಗಳೂ ಹಾಗೆಯೇ. ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂಬುದು 1976ರ ಸಮಾನ ವೇತನ ಕಾಯ್ದೆಯಿಂದಲೇ ಕಾನೂನು. ಅರ್ಧ ಶತಮಾನವಾದರೂ ಊರುಗಳಲ್ಲಿ ಎರಡು ದರದ ಮಾತು ನಿಂತಿಲ್ಲ. 'ಗಂಡಾಳು ಗುದ್ದಲಿ ಹಿಡಿಯುತ್ತಾನೆ' ಎಂಬುದು ಸಿದ್ಧ ಉತ್ತರ. ದಿನವಿಡೀ ಬಗ್ಗಿ ಕಳೆ ಕೀಳುವುದು ಗುದ್ದಲಿಗಿಂತ ಹೇಗೆ ಹಗುರ ಎಂಬುದನ್ನು ಮಾತ್ರ ಯಾರೂ ವಿವರಿಸುವುದಿಲ್ಲ.

ಮಾಲೀಕ ಎಂದರೆ ಯಾರು ಎಂಬುದಕ್ಕೂ ಕಾನೂನಿನ ವ್ಯಾಖ್ಯೆ ವಿಶಾಲವಾಗಿದೆ. ನೇರವಾಗಿ ಕೆಲಸ ಕೊಟ್ಟವನಷ್ಟೇ ಅಲ್ಲ, ಮೇಸ್ತ್ರಿ ಅಥವಾ ಗುತ್ತಿಗೆದಾರನ ಮೂಲಕ ಕೊಡಿಸಿದವನೂ ಹೊಣೆಗಾರ. 'ನಾನು ಮೇಸ್ತ್ರಿಗೆ ಪೂರ್ತಿ ಕೊಟ್ಟಿದ್ದೇನೆ, ಅವನನ್ನು ಕೇಳಿ' ಎಂಬ ಮಾತಿನಿಂದ ಹೊಣೆ ತಪ್ಪುವುದಿಲ್ಲ.

ಹಸಿವು ಕೂಡ ಬಲವಂತವೇ

ಜೀತದ ವಿಷಯಕ್ಕೆ ಮರಳುವುದಾದರೆ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಿಂದ ಜೀತ ರದ್ದಾಯಿತು. 1976ರಲ್ಲಿ ಅದು ಕಾಯ್ದೆಯಾಯಿತು. ಜೀತಕ್ಕೆ ಕಾರಣವಾದ ಸಾಲವೂ ಅದರೊಂದಿಗೇ ಮನ್ನಾ. 1859ರ ಕಾಯ್ದೆ ಮುಂಗಡ ತೀರಿಸದವನನ್ನು ಸೆರೆಗೆ ಕಳಿಸಿತ್ತು. 1976ರ ಕಾಯ್ದೆ ಮುಂಗಡದ ಹೆಸರಲ್ಲಿ ದುಡಿಸಿಕೊಂಡವನನ್ನು ಕಳಿಸುತ್ತೇನೆಂದಿತು. ಕಾನೂನು ಮಗ್ಗುಲು ಬದಲಿಸಲು 117 ವರ್ಷ ಬೇಕಾಯಿತು.

ಕನಿಷ್ಠ ಕೂಲಿಗೂ ಜೀತಕ್ಕೂ ಇರುವ ಸಂಬಂಧವನ್ನು ಬಿಡಿಸಿಟ್ಟದ್ದು 1982ರ ಸುಪ್ರೀಂ ಕೋರ್ಟ್ ತೀರ್ಪು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಿಗೆ ದುಡಿಯುತ್ತಿದ್ದ ಕೂಲಿಗಳಿಗೆ ಗುತ್ತಿಗೆದಾರರು ನಿಗದಿತ ಕೂಲಿ ಕೊಡುತ್ತಿಲ್ಲವೆಂದು ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ನ್ಯಾಯಾಲಯಕ್ಕೆ ಪತ್ರ ಬರೆದಿತ್ತು. ಅದನ್ನೇ ಅರ್ಜಿಯೆಂದು ಭಾವಿಸಿ ತೀರ್ಪು ಕೊಟ್ಟ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ವಾದ ಹೀಗಿತ್ತು: ಬಲವಂತ ಎಂದರೆ ಕೋಲು ಹಿಡಿದು ಹೆದರಿಸುವುದಷ್ಟೇ ಅಲ್ಲ. ಬೇರೆ ದಾರಿಯಿಲ್ಲದ ಬಡತನವೂ ಬಲವಂತ. ಕನಿಷ್ಠಕ್ಕಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆಂದರೆ ಅವನನ್ನು ಅಲ್ಲಿಗೆ ದೂಡಿದ ಯಾವುದೋ ಒತ್ತಡವಿದೆ ಎಂದೇ ಭಾವಿಸಬೇಕು. ಹಾಗಾಗಿ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಅಜ್ಮೇರಿನ ತೀರ್ಪು ಕೂಲಿಯವನ ಒಪ್ಪಿಗೆಗೆ ಮಿತಿ ಹಾಕಿತ್ತು. ಈ ತೀರ್ಪು ಅದು ಒಪ್ಪಿಗೆಯೇ ಅಲ್ಲ ಎಂದಿತು.

ಈ ಮಾತನ್ನು ಸರ್ಕಾರಕ್ಕೇ ತಿರುಗಿಸಿ ಹೇಳಿದ್ದು ಕರ್ನಾಟಕ ಹೈಕೋರ್ಟ್. ಉದ್ಯೋಗ ಖಾತರಿ ಯೋಜನೆಯ ಕೂಲಿಯನ್ನು 2009ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಕನಿಷ್ಠ ಕೃಷಿ ಕೂಲಿಯಿಂದ ಬೇರ್ಪಡಿಸಿತ್ತು. ಕೃಷಿ ಕೂಲಿಕಾರರ ಸಂಘ ತಂದ ಅರ್ಜಿಯ ಮೇಲೆ 2011ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು, ರಾಜ್ಯದ ಕನಿಷ್ಠಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದಿತು. ಕೇಂದ್ರ ಮೇಲ್ಮನವಿ ಹೋದರೂ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಡಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಖಾತರಿ ಕಾಯ್ದೆಯ ಸ್ಥಾನಕ್ಕೆ ಬೇರೊಂದು ಕಾಯ್ದೆಯನ್ನೇ ಅಂಗೀಕರಿಸಿತು.

ಹೊಸ ಸಂಹಿತೆ

1948ರ ಕಾಯ್ದೆಯೂ ಈಗ ಇಲ್ಲ. 2019ರ ವೇತನ ಸಂಹಿತೆ ಆರು ವರ್ಷ ಕಪಾಟಿನಲ್ಲಿದ್ದು, 2025ರ ನವೆಂಬರ್ 21ರಂದು ಜಾರಿಗೆ ಬಂತು. ಕನಿಷ್ಠ ವೇತನ, ವೇತನ ಪಾವತಿ, ಬೋನಸ್, ಸಮಾನ ವೇತನ ಎಂಬ ನಾಲ್ಕು ಕಾಯ್ದೆಗಳು ಅದರಲ್ಲಿ ಕೂಡಿಕೊಂಡಿವೆ. ಹಳೆಯ ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ.

ದೊಡ್ಡ ಬದಲಾವಣೆ ಎಂದರೆ ಅನುಸೂಚಿ ಹೋಗಿದೆ. ಪಟ್ಟಿಯಲ್ಲಿರುವ ಉದ್ಯೋಗಕ್ಕೆ ಮಾತ್ರ ಎಂಬ ಕಟ್ಟಳೆ ಇಲ್ಲ. ಯಾವುದೇ ಕೆಲಸಗಾರನಿಗೂ ಕನಿಷ್ಠ ವೇತನ ಸಲ್ಲಬೇಕು. ಇನ್ನೊಂದು, ಕೇಂದ್ರ ಸರ್ಕಾರ ಒಂದು ತಳವೇತನ ಗೊತ್ತುಮಾಡುತ್ತದೆ, ರಾಜ್ಯಗಳ ದರ ಅದಕ್ಕಿಂತ ಕೆಳಗೆ ಹೋಗುವಂತಿಲ್ಲ. ಇಂತಹ ರಾಷ್ಟ್ರೀಯ ದರ 1996ರಿಂದಲೇ ಇತ್ತು. ಆಗ ದಿನಕ್ಕೆ ರೂ. 35, 2017ರಲ್ಲಿ ರೂ. 176. ಅದು ಸಲಹೆಯಾಗಿತ್ತು, ಕಾನೂನಾಗಿರಲಿಲ್ಲ. ದರಗಳನ್ನು ಐದು ವರ್ಷ ಮೀರದಂತೆ ಪರಿಷ್ಕರಿಸಬೇಕೆಂಬ ನಿಯಮ ಹಿಂದಿನಂತೆಯೇ ಉಳಿದಿದೆ. ಹೆಚ್ಚು ಹೊತ್ತು ದುಡಿಸಿದರೆ ದುಪ್ಪಟ್ಟು ದರ ಕೊಡಬೇಕು. ಮುಂಗಡಕ್ಕೆಂದೋ ಬೇರೆ ಯಾವುದಕ್ಕೆಂದೋ ಸಂಬಳದಲ್ಲಿ ಮುರಿದುಕೊಳ್ಳುವ ಮೊತ್ತ ಒಟ್ಟಾರೆ ಅರ್ಧವನ್ನು ಮೀರಬಾರದು.

ತನಿಖಾಧಿಕಾರಿಯ ಹೆಸರೂ ಬದಲಾಗಿದೆ. ಹಿಂದೆ ಇನ್‌ಸ್ಪೆಕ್ಟರ್, ಈಗ ಇನ್‌ಸ್ಪೆಕ್ಟರ್-ಕಂ-ಫೆಸಿಲಿಟೇಟರ್. ಅಂದರೆ ನಿರೀಕ್ಷಕನೂ ಹೌದು, ಅನುಕೂಲ ಮಾಡಿಕೊಡುವವನೂ ಹೌದು. ಮೊದಲ ತಪ್ಪಿಗೆ ಮೊಕದ್ದಮೆ ಹೂಡುವ ಮುನ್ನ ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು. ಅನುಕೂಲ ಯಾರಿಗೆ ಎಂಬ ಅನುಮಾನ ಕಾರ್ಮಿಕ ಸಂಘಗಳಿಗಿದೆ, ಅದು ಸಹಜವೂ ಹೌದು. ಕಡಿಮೆ ಕೂಲಿ ಕೊಟ್ಟದ್ದಕ್ಕೆ ಮೊದಲ ಬಾರಿಯ ದಂಡ 50,000 ರೂಪಾಯಿಯ ತನಕ.

ಹೊಲದ ಮಾಲೀಕನಿಗೆ ಸಂಹಿತೆ ಒಂದು ರಿಯಾಯಿತಿ ಕೊಟ್ಟಿದೆ. ವ್ಯವಸಾಯಕ್ಕೆ ಅಥವಾ ಮನೆಗೆಲಸಕ್ಕೆ ಐವರಿಗಿಂತ ಹೆಚ್ಚು ಆಳು ಇಟ್ಟುಕೊಳ್ಳದವರು ಹಾಜರಿ ಪುಸ್ತಕ, ಸಂಬಳ ಚೀಟಿಗಳ ತಂಟೆಗೆ ಹೋಗಬೇಕಿಲ್ಲ. ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ತಕ್ಕ ಪುರಾವೆ ತೋರಿಸಿದರೆ ಸಾಕು. ವಿನಾಯಿತಿ ಇರುವುದು ಪುಸ್ತಕ ಬರೆಯುವುದರಿಂದ ಮಾತ್ರ, ಕನಿಷ್ಠ ಕೂಲಿ ಕೊಡುವುದರಿಂದ ಅಲ್ಲ. ಎರಡೆಕರೆಯ ರೈತ ಇವೆರಡನ್ನೂ ಒಂದೆಂದು ಭಾವಿಸುವ ಅಪಾಯವಿದೆ.

ಕೂಲಿಯವರ ಕಡೆಯಿಂದ ನೋಡಿದರೆ ಎರಡು ಸಂಗತಿ ಮುಖ್ಯ. ಬಾಕಿ ಕೂಲಿ ಕೇಳಿ ಅರ್ಜಿ ಹಾಕಲು ಹಳೆಯ ಕಾಯ್ದೆಯಲ್ಲಿ ಆರು ತಿಂಗಳ ಅವಧಿಯಿತ್ತು. ಸುಗ್ಗಿಗೆ ಹೋಗಿ ಬಂದು, ಮಾಲೀಕ ನಾಳೆ ಕೊಡುತ್ತೇನೆ ನಾಡಿದ್ದು ಕೊಡುತ್ತೇನೆ ಎಂದು ಅಲೆದಾಡಿಸಿದರೆ ಆರು ತಿಂಗಳು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಕಳೆಯುತ್ತಿತ್ತು. ಈಗ ಮೂರು ವರ್ಷದ ತನಕ ಕೇಳಬಹುದು. ಬಾಕಿಯ ಜೊತೆಗೆ ಅದರ ಹತ್ತರಷ್ಟರ ತನಕ ಪರಿಹಾರ ಕೊಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಎರಡನೆಯದು ಪುರಾವೆಯ ಹೊಣೆ. ಹೊಲದ ಕೆಲಸಕ್ಕೆ ಹೋದ ಹೆಂಗಸಿನ ಬಳಿ ಚೀಟಿ ಇರುವುದಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇರುವುದಿಲ್ಲ. ಆಕೆ ಅರ್ಜಿ ಹಾಕಿ, ತನಗೆ ಕೂಲಿ ಕಡಿಮೆ ಬಂದಿದೆ ಎಂದರೆ, ಪೂರ್ತಿ ಕೊಟ್ಟಿದ್ದೇನೆ ಎಂದು ಸಾಬೀತು ಮಾಡಬೇಕಾದವನು ಮಾಲೀಕ. ಸಂಹಿತೆಯ 59ನೇ ಕಲಮು ಹೀಗೆನ್ನುತ್ತದೆ. ಅರ್ಜಿಯನ್ನು ಆಕೆಯೇ ಹಾಕಬೇಕೆಂದಿಲ್ಲ. ಆಕೆ ಸದಸ್ಯೆಯಾಗಿರುವ ಸಂಘವೋ, ಇನ್‌ಸ್ಪೆಕ್ಟರೋ ಹಾಕಬಹುದು.